ಹತ್ತು ಜನರಿಗೆ ಚುಕ್ಕಿ ರಂಗೋಲಿ ಲೈವ್

ಯೂಟ್ಯೂಬ್ ಲೈವ್‌ಗೆ ನಾನು ಹಿಡಿಯುವ ಅಳತೆ: 15ರಿಂದ 8 (ನಡುಸಾಲಿನಲ್ಲಿ 15, ಅಲ್ಲಿಂದ ಎರಡೂ ಬದಿಗೆ ಸಾಲಿಗೊಂದು ಕಡಿಮೆಯಾಗುತ್ತ 8ರವರೆಗೆ), ಸಂದು ಚುಕ್ಕಿ (ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಒಂದು), ಚುಕ್ಕಿಗಳ ನಡುವೆ 5 ಸೆಂ.ಮೀ. ಹೀಗಾದರೆ ರಂಗೋಲಿ 70 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದಕ್ಕೆ ಮುಗಿದು, ಅಡ್ಡ ಇಟ್ಟ ಫೋನಿನ ಚೌಕಟ್ಟಿನೊಳಗೆ ಕೂರುತ್ತದೆ. ಒಟ್ಟು 169 ಚುಕ್ಕಿ. ಅಷ್ಟನ್ನೂ ಲೈವ್‌ನಲ್ಲೇ ಇಡುತ್ತ ಕೂತರೆ ಬಂದ ಹತ್ತು ಜನವೂ ಎದ್ದು ಹೋಗುತ್ತಾರೆ. 12 ಸಾಲು ಮೊದಲೇ ಇಟ್ಟು, ಕೊನೆಯ ಮೂರನ್ನು ಮಾತ್ರ ಅವರೆದುರು ಇಡುತ್ತೇನೆ.

ಫೋನನ್ನು ನೆತ್ತಿಯ ಮೇಲೆ ಕಟ್ಟಿದರೆ ಬಗ್ಗಿದಾಗೆಲ್ಲ ತಲೆಗೂದಲೇ ಲೈವ್. ಟ್ರೈಪಾಡ್ ಎದುರು ಬದಿಯಲ್ಲಿರಲಿ, ಫೋನ್ ಕೆಳಕ್ಕೆ ಬಾಗಿರಲಿ. ನೋಡುವವರಿಗೆ ತಲೆಕೆಳಗಾಗಿ ಕಂಡರೂ, ಚುಕ್ಕಿಗಳ ಸುತ್ತ ಗೆರೆ ಬಳಸಿ ಹೋಗುವ ಎಳೆ ರಂಗೋಲಿಗೆ ನಷ್ಟವಿಲ್ಲ. ನವಿಲು ಬಿಡಿಸುವ ದಿನ ಮಾತ್ರ ನಾನೇ ತಲೆಕೆಳಗಾಗಿ ಬಿಡಿಸಬೇಕು!

ಹೆಚ್ಚು ಕೆಡುವುದು ಬೆಳಕಿನಲ್ಲಿ. ಕಪ್ಪು ನೆಲ ಕಂಡ ಕ್ಯಾಮೆರಾ ‘ಕತ್ತಲೆ’ ಎಂದುಕೊಂಡು ಬೆಳಕು ಏರಿಸುತ್ತದೆ. ಬಿಳಿ ಪುಡಿ ಉರಿದಂತಾಗಿ, ಎರಡು ತೆಳು ಎಳೆಗಳು ಕೂಡಿ ಒಂದೇ ದಪ್ಪ ಗೆರೆಯಾಗುತ್ತವೆ. ಕೈ ಒಳಗೆ ಬಂದರೆ ಮಂಕು, ಹೊರಗೆ ಹೋದರೆ ಮತ್ತೆ ಪ್ರಖರ. ಅದಕ್ಕೇ ಎಕ್ಸ್‌ಪೋಷರ್ ಲಾಕ್ (ಕ್ಯಾಮೆರಾ ತಾನಾಗಿ ಬೆಳಕು ಬದಲಿಸದಂತೆ ಹಿಡಿದಿಡುವುದು) ಇರುವ ಆ್ಯಪ್‌ಗೆ ಯೂಟ್ಯೂಬ್‌ನ ಸ್ಟ್ರೀಮ್ ಕೀ, ಅಂದರೆ ಆ ಆ್ಯಪ್‌ನಿಂದ ನನ್ನ ಚಾನೆಲ್‌ಗೆ ಲೈವ್ ಕಳಿಸುವ ಗುಟ್ಟಿನ ಸಂಕೇತ, ಹಾಕುತ್ತೇನೆ. ಒಂದು ಎಳೆ ಎಳೆದು, ಅದರ ಪುಡಿಯ ಕಣಗಳು ಬಿಡಿಬಿಡಿಯಾಗಿ ಕಾಣುವವರೆಗೆ ಬೆಳಕು ಇಳಿಸಿ ಲಾಕ್ ಮಾಡುವುದು. ಕಪ್ಪಿಗಿಂತ ಕಾವಿ ನೆಲ ವಾಸಿ. ಬಲಗೈಯವರಿಗೆ ದೀಪ ಎಡಗಡೆ, ತಗ್ಗಿನಲ್ಲಿ. ಕೈಯ ನೆರಳು ಗೆರೆಯ ಮೇಲೆ ಬೀಳದು.

ಆ್ಯಪ್‌ನ ಸೆಟ್ಟಿಂಗ್: 720ಪಿ ಚಿತ್ರ, ಸೆಕೆಂಡಿಗೆ 30 ಫ್ರೇಮ್, ಕೀಫ್ರೇಮ್ (ಇಡೀ ಚಿತ್ರವನ್ನು ಹೊಸದಾಗಿ ಕಳಿಸುವ ಫ್ರೇಮ್) 2 ಸೆಕೆಂಡಿಗೊಂದು. 4 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ಗಂಟೆಗೆ 1.8 ಜಿಬಿ ಹೋಗುತ್ತದೆ, ದಿನಕ್ಕೆ 1.5 ಜಿಬಿ ಪ್ಯಾಕ್ 50 ನಿಮಿಷಕ್ಕೇ ಖಾಲಿ. ರಂಗೋಲಿಯಲ್ಲಿ ಅಲ್ಲಾಡುವುದು ಕೈಯೊಂದೇ, 2.5 ಸಾಕು. ಅಪ್‌ಲೋಡ್ ವೇಗ ಅದರ ಎರಡರಷ್ಟಿರಲಿ. ಹೊಸ ಚಾನೆಲ್‌ನವರು ಲೈವ್ ಅನುಮತಿಯನ್ನು ಹಿಂದಿನ ದಿನವೇ ಕೇಳಿಡಿ, 24 ಗಂಟೆ ಹಿಡಿಯಬಹುದು.

ವೈಫೈ ಇದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ, ವೈಫೈ ಕಾಲಿಂಗ್ ಆಫ್ ಇದ್ದರೆ ಸಿಮ್‌ಗೆ ಕರೆ ಬಂದು ಲೈವ್ ತುಂಡಾಗುವುದಿಲ್ಲ. ಪಕ್ಕದ ಮನೆಯ ರೇಡಿಯೋದ ಸಿನಿಮಾ ಹಾಡು ಮೈಕಿಗೆ ಬಿದ್ದರೂ ಕಾಪಿರೈಟ್ ತಕರಾರು ಬರಬಹುದು, ಕಿಟಕಿ ಮುಚ್ಚಿ. ಪುಡಿ ಹಾರುವುದರಿಂದ ಫ್ಯಾನೂ ಇಲ್ಲ. ಆಗ ಫೋನ್ ಬಿಸಿಯಾಗುತ್ತದೆ: ಕವರ್ ತೆಗೆದು, ಪರದೆಯ ಬೆಳಕು ತಗ್ಗಿಸಿ, ಚಾರ್ಜರ್ ಬಿಚ್ಚಿಡಿ.

ಚಾಟ್ ಓದಲು ಇನ್ನೊಂದು ಫೋನ್, ಮ್ಯೂಟ್‌ನಲ್ಲಿ. ಲೇಟೆನ್ಸಿ (ನಾನು ಮಾಡಿದ್ದು ಅವರಿಗೆ ಕಾಣಲು ಆಗುವ ತಡ) ಯೂಟ್ಯೂಬ್‌ನಲ್ಲಿ ‘ಅಲ್ಟ್ರಾ ಲೋ’ ಇಲ್ಲದಿದ್ದರೆ, ‘ಅಕ್ಕ, ಆ ಎಳೆ ಎಲ್ಲಿಂದ ತಗೊಂಡ್ರಿ?’ ಎಂದು ಕೇಳುವ ಹೊತ್ತಿಗೆ ನಾನು ಆ ಮೂಲೆ ಮುಗಿಸಿರುತ್ತೇನೆ. ‘ಎಷ್ಟು ಚುಕ್ಕಿ?’ ಎಂದು ತಡವಾಗಿ ಬಂದ ಪ್ರತಿಯೊಬ್ಬರೂ ಕೇಳುತ್ತಾರೆ. 15–8 ಸಂದು ಎಂದು ಶೀರ್ಷಿಕೆಯಲ್ಲೇ ಹಾಕಿಬಿಡಿ.