ಫ್ಲ್ಯಾಟಿನ ಕಿಟಕಿಯಲ್ಲಿ ಟಿವಿ ಆಂಟೆನಾ

ಲಂಡನ್ನಿಗೆ ಹೊಸದಾಗಿ ಬಂದ ನಮ್ಮ ಹುಡುಗರು ಬಾಡಿಗೆ ಫ್ಲ್ಯಾಟ್ ಹಿಡಿದ ಕೂಡಲೇ ಕೇಳುತ್ತಾರೆ: "ಆಂಟಿ, ಹೊರಗಡೆ ಆಂಟೆನಾ ಹಾಕೋಕೆ ಮಾಲೀಕರು ಬಿಡಲ್ಲ. ಫ್ರೀವ್ಯೂ ಹೇಗೆ ನೋಡೋದು?" ಫ್ರೀವ್ಯೂ ಅಂದರೆ ತಿಂಗಳ ಚಂದಾ ಇಲ್ಲದೆ ಆಂಟೆನಾದಿಂದ ಸಿಗುವ ಟಿವಿ ಚಾನೆಲ್‌ಗಳು. ಒಳಗಿಡುವ ಪುಟ್ಟ ಆಂಟೆನಾದಲ್ಲೇ ಎಷ್ಟೋ ಕಡೆ ಅದನ್ನು ನೋಡಬಹುದು. ಆದರೆ ಕೊಳ್ಳುವ ಮೊದಲು ಸೋಫಾ ಸರಿಸಿ, ಗೋಡೆಯಲ್ಲಿ ಟಿವಿ ಸಾಕೆಟ್ ಇದೆಯಾ ನೋಡಿ. ಎಷ್ಟೋ ಕಟ್ಟಡಗಳಲ್ಲಿ ಎಲ್ಲರಿಗೂ ಸೇರಿ ಮೇಲೊಂದು ಆಂಟೆನಾ ಇರುತ್ತದೆ. ಅದು ಕೆಲಸ ಮಾಡುತ್ತಿದ್ದರೆ ಒಂದು ಕೇಬಲ್ ಸಾಕು.

ಸಾಕೆಟ್ ಇಲ್ಲವೆಂದರೆ, ಟಿವಿ ಪ್ರಸಾರದ ಟವರ್ ಯಾವ ದಿಕ್ಕಿಗಿದೆ ಅಂತ ತಿಳಿದುಕೊಳ್ಳಿ. ಫ್ರೀವ್ಯೂ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಜಾಗಕ್ಕೆ ಏನೇನು ಸಿಗುತ್ತದೆ ಎಂದು ಗೊತ್ತಾಗುತ್ತದೆ. ಲಂಡನ್ನಿನ ಬಹುಪಾಲಿಗೆ ಕ್ರಿಸ್ಟಲ್ ಪ್ಯಾಲೇಸ್ ಟವರ್.

ನಾವು ಹ್ಯಾರೋದಲ್ಲಿದ್ದಾಗ ಅದು ಆಗ್ನೇಯಕ್ಕೆ ಸುಮಾರು 25 ಕಿಲೋಮೀಟರ್ ದೂರ. ನಾನು ಆಂಟೆನಾವನ್ನು ಟಿವಿ ಹಿಂದೆಯೇ ಇಟ್ಟಿದ್ದೆ. ಸಂಜೆ ಸುದ್ದಿ ಓದುವವರ ಮುಖ ಚೌಕ ಚೌಕವಾಗಿ ಒಡೆದು, ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. ಬೂಸ್ಟರ್ ತಂದು ಹಾಕಿದೆ, ಏನೂ ಸರಿಹೋಗಲಿಲ್ಲ. ಬೂಸ್ಟರ್ ಸಿಗ್ನಲ್ ಜೊತೆ ಅದರಲ್ಲಿ ಬೆರೆತ ಬೇಡದ ಗದ್ದಲವನ್ನೂ (ನಾಯ್ಸ್) ದೊಡ್ಡದು ಮಾಡುತ್ತದೆ. ಟವರ್ ಹತ್ತಿರವಿದ್ದರಂತೂ ಸಿಗ್ನಲ್ ಅತಿಯಾಗಿಯೇ ಚಿತ್ರ ಕೆಡಬಹುದು. ಕೊನೆಗೆ ಉದ್ದದ ಕೇಬಲ್ ಹಾಕಿ ಆಂಟೆನಾವನ್ನು ಆಗ್ನೇಯದ ಕಿಟಕಿಗೆ ತಂದೆ. ಎಡಗಡೆ ಮೂಲೆಯಲ್ಲಿ ಏನೂ ಇಲ್ಲ. ಒಂದು ಗೇಣು ಬಲಕ್ಕೆ ಸರಿಸಿದೆ, ಚಿತ್ರ ಬಂತು. ಇನ್ನೊಂದು ಗೇಣು ಸರಿಸಿದೆ, ಮತ್ತೆ ಹೋಯಿತು.

ಇದಕ್ಕೆ ಕಾರಣವಿದೆ. ಟಿವಿ ಸಿಗ್ನಲ್ ಹೊತ್ತು ತರುವ ಅಲೆಗಳ ಉದ್ದ ಸುಮಾರು ಅರ್ಧ ಮೀಟರ್. ನೇರ ಬಂದ ಅಲೆ, ಗೋಡೆಗೆ ಬಡಿದು ಬಂದ ಅಲೆ ಎರಡೂ ಒಂದು ಕಡೆ ಸೇರಿ ಬಲವಾಗುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಬಿಡುತ್ತವೆ. ಅದಕ್ಕೇ ಅವಸರ ಬೇಡ. ಗೇಣು ಗೇಣು ಸರಿಸಿ, ಎತ್ತರವನ್ನೂ ಬದಲಿಸಿ, ಪ್ರತಿ ಸಲ ಅರ್ಧ ನಿಮಿಷ ಕಾಯಿರಿ.

ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿ ಆದರೆ ಇರುವೆ ಓಡಾಡಿದ ಹಾಗೆ ಚುಕ್ಕೆ ಬರುತ್ತಿತ್ತು, ಆದರೂ ನೋಡಬಹುದಿತ್ತು. ಲಂಡನ್ನಿನಲ್ಲಿ ಅದು 2012ರ ಏಪ್ರಿಲ್‌ನಲ್ಲಿ ನಿಂತಿತು. ಡಿಜಿಟಲ್ ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಲೇ ಹೋಗುತ್ತದೆ. ಹಾಗಾಗಿ ಚಿತ್ರ ಬಂತು ಅಂತ ಸುಮ್ನೆ ಕೂರಬೇಡಿ. ಟಿವಿ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ಪಟ್ಟಿ ತೆರೆದು, ಜಾಸ್ತಿ ಕಾಟ ಕೊಡುವ ಚಾನೆಲ್‌ನಲ್ಲೇ ಪರೀಕ್ಷೆ ಮಾಡಿ. ಸಿಗ್ನಲ್ ಎಷ್ಟು ಜೋರಾಗಿದೆ (ಸ್ಟ್ರೆಂತ್) ಅನ್ನೋದಕ್ಕಿಂತ ಕ್ವಾಲಿಟಿ ಮುಖ್ಯ.

ಕ್ರಿಸ್ಟಲ್ ಪ್ಯಾಲೇಸ್‌ಗೆ ಆಂಟೆನಾದ ಕಡ್ಡಿಗಳು ಅಡ್ಡ ಇರಬೇಕು. ದೊಡ್ಡ ಟವರಿನ ಸಿಗ್ನಲ್ ಮುಂದಕ್ಕೆ ಕಳಿಸುವ ಸಣ್ಣ ರಿಲೇ ಟವರ್‌ಗಳಲ್ಲಿ ಹೆಚ್ಚಿನವಕ್ಕೆ ಉದ್ದಕ್ಕೆ ನಿಲ್ಲಿಸಬೇಕು. ಇನ್ನು ಶಾಖ ಒಳಗೇ ಉಳಿಸುವ ಹೊಸ ಗಾಜಿನ ಕಿಟಕಿಗೆ ತೆಳುವಾದ ಲೋಹದ ಲೇಪ ಇರುತ್ತದೆ, ಅದು ಸಿಗ್ನಲ್ ತಡೆಯುತ್ತದೆ. ಅಲ್ಲಿ ಬರದಿದ್ದರೆ ಬೇರೆ ಕೋಣೆ ನೋಡಿ.

ಜಾಗ ಸಿಕ್ಕ ಮೇಲೆ ಒಮ್ಮೆ ರೀಟ್ಯೂನ್ ಮಾಡಿ, ಅಂದರೆ ಟಿವಿ ಚಾನೆಲ್‌ಗಳನ್ನು ಮತ್ತೆ ಹುಡುಕಲಿ. ಆದರೆ ಗಾಳಿಯ ಒತ್ತಡ ಜಾಸ್ತಿ ಇರುವ ನಿಚ್ಚಳ ದಿನಗಳಲ್ಲಿ ಚಿತ್ರ ಒಡೆದರೆ ರೀಟ್ಯೂನ್ ಬೇಡ, ಹವೆ ಬದಲಾಗುವ ತನಕ ಬಿಡಿ, ತಾನೇ ಸರಿಹೋಗುತ್ತದೆ. ಒಳಗಿನ ಆಂಟೆನಾ ಆದರೂ ಲೈವ್ ನೋಡಲು ಟಿವಿ ಲೈಸೆನ್ಸ್ ಬೇಕು, ಮರೆಯಬೇಡಿ.

ಸರಿಯಾದ ಜಾಗಕ್ಕೆ ಕಿಟಕಿ ಚೌಕಟ್ಟಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಪರದೆ ಒಗೆಯಲು ತೆಗೆದ ದಿನ ಆಂಟೆನಾ ಸರಿದರೆ, ಅದನ್ನು ನೋಡಿ ವಾಪಸ್ ಇಡಬಹುದು.