ಹೆಂಡತಿಯನ್ನು ಸೇರಿಸಿದರೆ ಅಂಕ ಬೀಳುತ್ತೆ ಅಂದಿದ್ದರು

“ಸಾರ್, ಮೇಡಮ್‌ನ ನಾನ್-ಅಕಂಪನಿಯಿಂಗ್ ಅಂತ ತೋರಿಸಿಬಿಡಿ. ಮೊದಲು ನೀವು ಹೋಗಿ, ಆಮೇಲೆ ಕರೆಸಿಕೊಂಡರಾಯ್ತು.”

ಕೆನಡಾದ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿಗೆ ಅರ್ಜಿ ಹಾಕಲು ಹೊರಟಿದ್ದ ನನಗೆ 2022ರ ಆಗಸ್ಟಿನಲ್ಲಿ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಕೊಟ್ಟ ಸಲಹೆ ಇದು. ಹೆಂಡತಿ ಜೊತೆಗೆ ಬರುವುದಿಲ್ಲ ಅಂತ ಅರ್ಜಿಯಲ್ಲಿ ತೋರಿಸುವುದೇ ನಾನ್-ಅಕಂಪನಿಯಿಂಗ್. ಇದಕ್ಕೆ ನಾನು ಕೊಟ್ಟ ಮುಂಗಡ 25 ಸಾವಿರ, ವಾಪಸ್ ಬರಲಿಲ್ಲ. ಆಫೀಸಿನಲ್ಲಿ ಕೆನಡಾಗೆ ಅರ್ಜಿ ಹಾಕಿದ್ದ ನಾಲ್ಕೈದು ಜನ ಕೂಡ ಅದನ್ನೇ ಹೇಳಿದರು. ಬ್ರಾಂಪ್ಟನ್‌ನಲ್ಲಿರುವ ನನ್ನ ಭಾಮೈದ ಅಂತೂ “ಭಾವ, ಸುಮ್ನೆ ರಿಸ್ಕ್ ಯಾಕೆ?” ಅಂತ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಕೊನೆಗೆ ನಮ್ಮನ್ನು ದಡ ಮುಟ್ಟಿಸಿದ್ದು ಅವನೇ. ಆ ವಿಷಯ ಅವನಿಗೇ ಗೊತ್ತಿರಲಿಲ್ಲ!

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ಹಾಕಿದವರಿಗೆ ವಯಸ್ಸು, ಓದು, ಭಾಷೆ, ಅನುಭವ ನೋಡಿ ಸಿಆರ್‌ಎಸ್ ಅನ್ನುವ ಅಂಕ ಕೊಡುತ್ತಾರೆ. ಆಗಾಗ ಡ್ರಾ ನಡೆಸಿ ಅಂಕ ಜಾಸ್ತಿ ಇದ್ದವರಿಗೆ ಐಟಿಎ, ಅಂದರೆ ಅರ್ಜಿ ಹಾಕಲು ಆಹ್ವಾನ, ಕಳಿಸುತ್ತಾರೆ. ಪ್ರೊಫೈಲ್ ಮಾಡಿದವರಿಗೆ ಆ ಅಂಕಗಳ ಪಟ್ಟಿ ಬಾಯಿಪಾಠ ಇರುತ್ತೆ, ಅದನ್ನು ಪೂರ್ತಿ ಬಿಡಿಸಿ ಹೇಳುವುದಿಲ್ಲ. ಆಗ ನನಗೆ 31 ವರ್ಷ. ಎಂ.ಟೆಕ್., ಆರು ವರ್ಷದ ಅನುಭವ, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ (ಕೆನಡಾದವರ ಭಾಷಾ ಮಟ್ಟ) 10. ಒಂಟಿ ಅಂತ ಲೆಕ್ಕ ಹಾಕಿದರೆ 470. ಹೆಂಡತಿ ಜೊತೆಗೆ ಬರುತ್ತಾಳೆ ಅಂದರೆ 444. ವಯಸ್ಸಿನಲ್ಲಿ 9, ಓದಿನಲ್ಲಿ 9, ಭಾಷೆಯಲ್ಲಿ 8 ಹೋಗುತ್ತೆ. ಒಟ್ಟು 26. ಎಲ್ಲರೂ ಈ 26 ನೋಡಿಯೇ ಹೆದರುತ್ತಿದ್ದರು.

ನಾನು ಒಂದು ಭಾನುವಾರ ಎಕ್ಸೆಲ್ ಹಾಳೆ ತೆರೆದು ಕೂತೆ. ಸಂಗಾತಿಯ ಕಡೆಯಿಂದ ಗರಿಷ್ಠ 40 ಅಂಕ ಸಿಗುತ್ತೆ, ಅದರಲ್ಲಿ ಕೆನಡಾ ಅನುಭವದ 10 ನಮಗಿಲ್ಲ. ಇವಳದು ಮೂರು ವರ್ಷದ ಬಿ.ಎಸ್ಸಿ., ಅದಕ್ಕೆ 8. ಇಂಗ್ಲಿಷಿಗೆ ವಿಭಾಗಕ್ಕೆ 5ರಂತೆ 20ರವರೆಗೆ. ಇವಳಿಗೆ 18 ಬಂದರೆ ಹೋದ 26 ಹಾಗೇ ವಾಪಸ್ ಬರುತ್ತೆ. ಇಷ್ಟೇ ಆಗಿದ್ದರೆ ಎರಡೂ ಸಮ, ಗುದ್ದಾಡುವುದೇ ಬೇಡ. ಆದರೆ ಕೆನಡಾದಲ್ಲಿ ಒಡಹುಟ್ಟಿದವರು ಪಿಆರ್ ಅಥವಾ ಪ್ರಜೆಯಾಗಿ ನೆಲೆಸಿದ್ದರೆ 15 ಅಂಕ ಇದೆಯಲ್ಲ, ಅದು ಸಂಗಾತಿಯ ಅಣ್ಣ-ತಮ್ಮಂದಿರಿಗೂ ಅನ್ವಯಿಸುತ್ತೆ. ಆದರೆ ಸಂಗಾತಿ ಜೊತೆಗೆ ಬರಬೇಕು. ನನಗೆ ಅಲ್ಲಿ ಯಾರೂ ಇಲ್ಲ. ಇವಳಿಗೆ ತಮ್ಮ ಇದ್ದಾನೆ. ಅಂದರೆ ಇವಳನ್ನು ಬಿಟ್ಟರೆ 470, ಸೇರಿಸಿದರೆ 485.

ಇದನ್ನು ಆ ಕನ್ಸಲ್ಟೆಂಟಿಗೆ ಫೋನಿನಲ್ಲಿ ಹೇಳಿದೆ. “ಅದೆಲ್ಲ ಪೇಪರ್ ಮೇಲೆ ಚೆನ್ನಾಗಿರುತ್ತೆ ಸಾರ್” ಅಂದ. ಆಮೇಲೆ ಅವನಿಗೆ ಫೋನ್ ಮಾಡಲಿಲ್ಲ.

ಪೇಪರ್ ಮೇಲೆ ಬರೆದಷ್ಟು ಸುಲಭ ಅಲ್ಲ ಅನ್ನುವುದು ನಿಜವೇ. ಇವಳು ಅರಸೀಕೆರೆ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. ಇಂಗ್ಲಿಷ್ ಓದುತ್ತಾಳೆ, ಬರೆಯುತ್ತಾಳೆ, ಮಾತಾಡುವಾಗ ಮಾತ್ರ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ ಆಮೇಲೆ ಹೊರಗೆ ಬಿಡುತ್ತಾಳೆ. ಸೆಪ್ಟೆಂಬರಿನಲ್ಲಿ ಮೊದಲ ಪರೀಕ್ಷೆ. ಲಿಸನಿಂಗ್ 6.5, ರೀಡಿಂಗ್ 6, ರೈಟಿಂಗ್ 5.5, ಸ್ಪೀಕಿಂಗ್ 6. ಇದಕ್ಕೆ ಸಿಆರ್‌ಎಸ್‌ನಲ್ಲಿ ಬಂದದ್ದು 10 ಅಂಕ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕೋಚಿಂಗಿಗೆ ಸೇರಿಸಿದ್ದು ನನ್ನ ತಪ್ಪು. ಎಂಟು ಸಾವಿರ ಕೊಟ್ಟೆವು. ಅಲ್ಲಿ ಪ್ರಬಂಧಕ್ಕೆ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಡಿಸೆಂಬರಿನಲ್ಲಿ ಎರಡನೇ ಸಲ: 7.5, 7, 6, 6.5. ಅಂಕ 14ಕ್ಕೆ ಏರಿತು. ಪೂರ್ತಿ 5 ಅಂಕದ ಗೆರೆಯನ್ನು ರೀಡಿಂಗಿನಲ್ಲಿ ಮಾತ್ರ ದಾಟಿದ್ದಳು, ಅದೂ ಕೋಚಿಂಗಿನಿಂದ ಅಲ್ಲ. ಆಮೇಲೆ ಕೋಚಿಂಗ್ ಬಿಡಿಸಿದೆ. ಬೆಳಗ್ಗೆ ಆರಕ್ಕೆ ಎದ್ದು ಅರ್ಧ ಗಂಟೆ ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡಬೇಕು, ತಪ್ಪಿದರೆ ಅವತ್ತಿನ ಪಾತ್ರೆ ತೊಳೆಯುವ ಕೆಲಸ ತಪ್ಪಿದವರದ್ದು. ಮೊದಲ ವಾರ ಪಾತ್ರೆ ತೊಳೆದದ್ದು ಜಾಸ್ತಿ ನಾನೇ. ಲಿಸನಿಂಗ್ 7.5ರಿಂದ 8ಕ್ಕೆ ಹೋಗಲು ಇನ್ನೊಂದು ಉಪಾಯ ಮಾಡಿದೆವು, ಅದನ್ನು ನನ್ನ ತಂಗಿ ಪರೀಕ್ಷೆ ಬರೆಯುವವರೆಗೆ ಯಾರಿಗೂ ಹೇಳುವುದಿಲ್ಲ. ಕ್ಷಮಿಸಿ.

ಫೆಬ್ರವರಿಯಲ್ಲಿ ಮೂರನೇ ಸಲ. 8, 7, 6.5, 7. ಸಿಆರ್‌ಎಸ್ ಅಂಕ ಐದು, ಐದು, ಮೂರು, ಐದು. ಸರಿಯಾಗಿ 18! ರೈಟಿಂಗಿನ ಆ ಎರಡು ಅಂಕ ಕೊನೆಗೂ ದಕ್ಕಲಿಲ್ಲ, ಹೋಗಲಿ.

ಮಧ್ಯದಲ್ಲಿ ಬೇರೆ ಪ್ರಯೋಗಗಳೂ ನಡೆದವು. ಫ್ರೆಂಚ್ ಬಂದರೆ ಬೋನಸ್ 50 ಸಿಗುತ್ತೆ ಅಂತ ಮೂರು ತಿಂಗಳು ನಾನು ಕ್ಲಾಸಿಗೆ ಹೋದೆ, 18 ಸಾವಿರ ಚಿಲ್ಲರೆ ಖರ್ಚು. ಅದಕ್ಕೆ ಬೇಕಾದ ಎನ್‌ಸಿಎಲ್‌ಸಿ (ಫ್ರೆಂಚಿನ ಮಟ್ಟ) 7 ಅನ್ನುವುದು ಮೂರು ತಿಂಗಳ ಮಾತಲ್ಲ. ನನ್ನ ಹೆಸರು, ನನ್ನ ಊರು, ನನಗೆ ಸೇಬು ಇಷ್ಟ, ಇಷ್ಟಕ್ಕೆ ನಿಂತಿತು. ಇನ್ನೊಂದು ಪ್ರಯೋಗ, ಇವಳನ್ನೇ ಮುಖ್ಯ ಅರ್ಜಿದಾರಳಾಗಿ ಮಾಡಿ ನೋಡಿದ್ದು. ವಯಸ್ಸು 27, ಅಲ್ಲಿ ಪೂರ್ತಿ 100. ಆದರೆ ರೈಟಿಂಗ್ ಸಿಎಲ್‌ಬಿ 9 ಮುಟ್ಟದ ಕಾರಣ ಸ್ಕಿಲ್ ಟ್ರಾನ್ಸ್‌ಫರ್ ಅಂಕ (ಓದು, ಅನುಭವಗಳ ಜೊತೆ ಭಾಷೆ ಸೇರಿದಾಗ ಸಿಗುವುದು) ಅರ್ಧಕ್ಕಿಂತ ಕೆಳಗೆ ಕುಸಿಯಿತು. ಒಟ್ಟು ನಾನೂರರ ಆಸುಪಾಸು. ನಿಮ್ಮ ಮನೆಯಲ್ಲಿ ಸಂಗಾತಿ ಚಿಕ್ಕ ವಯಸ್ಸಿನವರಾಗಿ ಇಂಗ್ಲಿಷೂ ಚೆನ್ನಾಗಿದ್ದರೆ ಈ ಅದಲುಬದಲು ಒಮ್ಮೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ಆ 15 ಅಂಕ ಬೇಕೆಂದರೆ ಇವಳೂ ಅವನೂ ಒಂದೇ ತಂದೆ ಅಥವಾ ತಾಯಿಯ ಮಕ್ಕಳು ಅಂತ ತೋರಿಸಬೇಕು. ತಮ್ಮ ಹಾಸನದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದವನು, ಅವನ ಜನನ ಪ್ರಮಾಣಪತ್ರ ಇದೆ. ಇವಳು ಹುಟ್ಟಿದ್ದು ಊರಿನ ಮನೆಯಲ್ಲೇ. ಯಾರೂ ನೋಂದಣಿ ಮಾಡಿಸಿಲ್ಲ. ಮಾವನನ್ನು ಕೇಳಿದರೆ “ಆಗ ಮಳೆ ಜಾಸ್ತಿ ಇತ್ತು ಕಣಪ್ಪ” ಅಂದರು.

ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. ಮೊದಲು ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ, ಆಮೇಲೆ ಜೆಎಂಎಫ್‌ಸಿ ಕೋರ್ಟಿನಲ್ಲಿ ಅರ್ಜಿ, ಸಾಕ್ಷಿಗೆ ಇವಳ ಅಜ್ಜಿ. 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು ಕೈಗೆ ಬಂದದ್ದು ಫೆಬ್ರವರಿ ಕೊನೆಗೆ. ವಕೀಲರಿಗೆ 12 ಸಾವಿರ. ಅದಲ್ಲದೆ ನಾಲ್ಕು ಸಲ ಬೆಂಗಳೂರಿನಿಂದ ಅರಸೀಕೆರೆಗೆ ಓಡಾಟ. ಐಟಿಎ ಬಂದಮೇಲೆ ನೋಡಿಕೊಳ್ಳೋಣ ಅಂದುಕೊಂಡಿದ್ದರೆ 60 ದಿನದಲ್ಲಿ ಇದು ಆಗುತ್ತಿರಲಿಲ್ಲ.

ಎರಡೂ ಪತ್ರ ಪಕ್ಕಪಕ್ಕ ಇಟ್ಟಾಗ ಇನ್ನೊಂದು ಕಾಣಿಸಿತು. ಇವಳದ್ದರಲ್ಲಿ ಮಾವನ ಹೆಸರಿನ ಹಿಂದೆ ಎರಡು ಇನಿಷಿಯಲ್, ಅವನದ್ದರಲ್ಲಿ ಒಂದೇ. ನಮ್ಮ ಕಡೆ ಇದು ಸಾಮಾನ್ಯ, ಒಂದು ಊರಿನದು, ಒಂದು ತಂದೆಯದು. ಒಟ್ಟಾವದಲ್ಲಿ ಕೂತವರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಕೋರ್ಟಿಗೆ ಅರ್ಜಿ ಹಾಕುವಾಗಲೇ ಗಮನಿಸಬೇಕಿತ್ತು, ಗಮನಿಸಲಿಲ್ಲ. ಅಫಿಡವಿಟ್ ಮಾಡಿಸಿದೆ. ಅಷ್ಟು ಸಾಲದು ಅನ್ನಿಸಿ ನಾಡಕಚೇರಿಗೆ ಹೋಗಿ ವಂಶವೃಕ್ಷ ತೆಗೆಸಿದೆ. ಜಮೀನು ಭಾಗ ಮಾಡಲು ತೆಗೆಸುತ್ತೇವಲ್ಲ, ಅದೇ. ಅದರಲ್ಲಿ ಮಾವ, ಅತ್ತೆ, ಇಬ್ಬರು ಮಕ್ಕಳು ಎಲ್ಲರೂ ಒಂದೇ ಹಾಳೆಯಲ್ಲಿ ಸರ್ಕಾರಿ ಸಹಿಯ ಕೆಳಗೆ ಇರುತ್ತಾರೆ. ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದಕನ ಅಫಿಡವಿಟ್ ಸೇರಿಸಿ ಇಟ್ಟೆ. ಆಫೀಸಿನ ಗೆಳೆಯ ನಕ್ಕಿದ್ದೇ ನಕ್ಕಿದ್ದು, “ಕೆನಡಾದವರಿಗೆ ಪಹಣಿ ಕೂಡ ಕಳಿಸು” ಅಂತ.

2023ರ ಮಾರ್ಚ್ 15ರ ಡ್ರಾ 490ಕ್ಕೆ ನಿಂತಿತು. ಏಪ್ರಿಲ್ ಕೊನೆಗೆ ನನಗೆ 32 ತುಂಬುವುದಿತ್ತು, ತುಂಬಿದರೆ ಇನ್ನೂ 5 ಅಂಕ ಹೋಗಿ 480. ಮಾರ್ಚ್ 23ರ ಡ್ರಾ 484. ನಮ್ಮದು 485. ಐಟಿಎ ಬಂದಮೇಲೆ ಹುಟ್ಟುಹಬ್ಬ ಬಂದರೂ ತೊಂದರೆ ಇಲ್ಲ, ಅದಕ್ಕೆ ವಿನಾಯಿತಿ ಇದೆ.

ಉಳಿದ ಕಾಗದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮದುವೆ ನೋಂದಣಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಿತ್ತು, ಜೊತೆಗೆ ಲಗ್ನಪತ್ರಿಕೆ, ಹತ್ತು ಫೋಟೋ ಹಾಕಿದೆ. ಇವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರು ಇಡೀ ಹೆಸರನ್ನು ಫ್ಯಾಮಿಲಿ ನೇಮ್ ಕಾಲಂನಲ್ಲಿ ಹಾಕಿ ಗಿವನ್ ನೇಮ್ ಖಾಲಿ ಬಿಡಬೇಕು. ನಾನು ಮೊದಲು ನನ್ನ ಹೆಸರನ್ನೇ ಇವಳ ಸರ್‌ನೇಮ್ ಮಾಡಿಬಿಟ್ಟಿದ್ದೆ. ಇವಳೇ ನೋಡಿ “ರೀ, ಇದು ಯಾರು?” ಅಂತ ಕೇಳಿದಳು. ಸಲ್ಲಿಸುವ ಹಿಂದಿನ ದಿನ ತಿದ್ದಿದೆ.

ಹಣದ ಲೆಕ್ಕ. ಆಗ ಇಬ್ಬರಿಗೆ ಬ್ಯಾಂಕಿನಲ್ಲಿ ತೋರಿಸಬೇಕಿದ್ದದ್ದು 16,570 ಕೆನಡಾ ಡಾಲರ್, ಸುಮಾರು 10 ಲಕ್ಷ. ಹೆಂಡತಿಯನ್ನು ಬಿಟ್ಟು ಹೋಗುತ್ತೇನೆ ಅಂದರೂ ಇಬ್ಬರ ಲೆಕ್ಕದ ಹಣವನ್ನೇ ತೋರಿಸಬೇಕು. ಅವಳ ಮೆಡಿಕಲ್ ಕೂಡ ಮಾಡಿಸಲೇಬೇಕು. ಕನ್ಸಲ್ಟೆಂಟ್ ಇದೊಂದನ್ನೂ ಹೇಳಿರಲಿಲ್ಲ. ಮದುವೆಯನ್ನೇ ಮುಚ್ಚಿಟ್ಟರೆ ಆಮೇಲೆ ಸ್ಪಾನ್ಸರ್ ಮಾಡಿ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತೆ, ಆ ಕಡೆ ತಲೆ ಹಾಕಬೇಡಿ. ನಮ್ಮ ಸೈಟು ಲೆಕ್ಕಕ್ಕೆ ಬರಲಿಲ್ಲ. ಅಪ್ಪ ಕೊಟ್ಟ 3 ಲಕ್ಷಕ್ಕೆ ಗಿಫ್ಟ್ ಡೀಡ್ ಬರೆಸಿದೆ.

ಖರ್ಚಾಗಿ ಹೋದದ್ದು ಬೇರೆ. ಸರ್ಕಾರಿ ಫೀಸು ತಲೆಗೆ 1,365 ಡಾಲರ್, ಬಯೋಮೆಟ್ರಿಕ್ ಇಬ್ಬರಿಗೂ ಸೇರಿ 170, ಎಲ್ಲ ಒಟ್ಟಿಗೆ ಒಂದೂ ಮುಕ್ಕಾಲು ಲಕ್ಷದ ಹತ್ತಿರ. ಐಇಎಲ್‌ಟಿಎಸ್ ಐದು ಸಲ, 75 ಸಾವಿರದ ಮೇಲೆ. ಡಬ್ಲ್ಯುಇಎಸ್ (ನಮ್ಮ ಡಿಗ್ರಿಗಳ ಮೌಲ್ಯಮಾಪನ) ಇಬ್ಬರದ್ದೂ ಸೇರಿ 40 ಸಾವಿರ. ಇವಳ ಟ್ರಾನ್ಸ್‌ಕ್ರಿಪ್ಟ್ ಕೊಡಲು ವಿಶ್ವವಿದ್ಯಾಲಯ ಎರಡು ತಿಂಗಳು ಸತಾಯಿಸಿತು. ಮೆಡಿಕಲ್ 13 ಸಾವಿರ. ಕೋರ್ಟು, ಅನುವಾದ, ಫ್ರೆಂಚ್, ಕೋಚಿಂಗ್, ಆ ಮುಂಗಡ ಎಲ್ಲ ಸೇರಿಸಿದರೆ ಮೂರೂ ಮುಕ್ಕಾಲು ಲಕ್ಷದ ಹತ್ತಿರ ಬರುತ್ತೆ. ಅದರಲ್ಲಿ 50 ಸಾವಿರ ನೀರಿಗೆ ಹಾಕಿದ್ದು. ಆಮೇಲೆ ಸ್ಪಾನ್ಸರ್ ಮಾಡಿಕೊಂಡಿದ್ದರೆ ಇವಳ ಸರ್ಕಾರಿ ಫೀಸು ಸುಮಾರು 1,080 ಡಾಲರಿನಲ್ಲಿ ಮುಗಿಯುತ್ತಿತ್ತು, ಅದನ್ನು ಒಪ್ಪುತ್ತೇನೆ. ಆದರೆ 470 ಇಟ್ಟುಕೊಂಡು ನನಗೇ ಐಟಿಎ ಬರುತ್ತಿರಲಿಲ್ಲವಲ್ಲ!

ಮೇ ಮಧ್ಯದಲ್ಲಿ ಸಲ್ಲಿಸಿದೆವು. ಆಗಸ್ಟಿನಲ್ಲಿ ಒಂದು ಪತ್ರ ಬಂತು, ಒಡಹುಟ್ಟಿದ ಸಂಬಂಧಕ್ಕೆ ಇನ್ನೂ ದಾಖಲೆ ಕೊಡಿ ಅಂತ. ನನಗೆ ಕೈಕಾಲು ತಣ್ಣಗಾಯಿತು. ಆ 15 ಕೈಬಿಟ್ಟರೆ ಇಡೀ ಅರ್ಜಿಯೇ ಬೀಳುತ್ತೆ. ಮೊದಲ ಸಲ ವಂಶವೃಕ್ಷ ಹಾಕಿರಲಿಲ್ಲ, ಗೆಳೆಯ ನಕ್ಕಿದ್ದಕ್ಕೆ ಮುಜುಗರವಾಗಿ ಬಿಟ್ಟಿದ್ದೆ. ಈಗ ಅದನ್ನೇ ಮೊದಲ ಪುಟಕ್ಕೆ ಇಟ್ಟೆ. ಅದರ ಹಿಂದೆ ಇಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಭಾಮೈದನ ಪಿಆರ್ ಕಾರ್ಡು, ಅವನ ಬಾಡಿಗೆ ರಸೀದಿ, ಅಲ್ಲಿನ ತೆರಿಗೆ ಪತ್ರ. ಜೊತೆಗೆ ಇನಿಷಿಯಲ್ ಅಂದರೇನು ಅಂತ ಒಂದು ಪುಟದ ವಿವರಣೆ. ಆ ಪುಟ ಬರೆಯಲು ನನಗೆ ಮೂರು ರಾತ್ರಿ ಹಿಡಿಯಿತು, ಅದರ ಒಕ್ಕಣೆ ನನ್ನ ಹತ್ತಿರವೇ ಇರಲಿ.

ಮತ್ತೆ ಏನೂ ಕೇಳಲಿಲ್ಲ. ನವೆಂಬರಿನಲ್ಲಿ ಪಾಸ್‌ಪೋರ್ಟ್ ಕಳಿಸಿ ಅಂತ ಬಂತು. 2024ರ ಫೆಬ್ರವರಿಯಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಟೊರೊಂಟೊದಲ್ಲಿ ಇಳಿದೆವು. ಕರೆದುಕೊಂಡು ಹೋಗಲು ಭಾಮೈದ ಬಂದಿದ್ದ. ಕೈಯಲ್ಲಿ ಇವಳಿಗೆ ಒಂದು ದಪ್ಪ ಜಾಕೆಟ್ ಇತ್ತು. ನನಗೆ ತಂದಿರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಇವಳು ಇವತ್ತಿಗೂ ನನ್ನನ್ನು ಬಿಡುವುದಿಲ್ಲ. ನಮಗೆ ಐಟಿಎ ಬಂದ ಆರು ದಿನಕ್ಕೆ, ಮಾರ್ಚ್ 29ಕ್ಕೆ, ಡ್ರಾ 481ಕ್ಕೆ ಇಳಿಯಿತು. ಇವಳ ಎರಡನೇ ಪರೀಕ್ಷೆಯ ಅಂಕಕ್ಕೆ ನಮ್ಮದು ಸರಿಯಾಗಿ 481 ಆಗುತ್ತಿತ್ತು. “ಮೂರನೇ ಸಲ ಸುಮ್ನೆ ಬರೆಸಿದ್ರಿ” ಅನ್ನುತ್ತಾಳೆ. ಅಂಕ ಸಮ ಬಂದಾಗ ಯಾರು ಮೊದಲು ಪ್ರೊಫೈಲ್ ಹಾಕಿದ್ದಾರೆ ಅನ್ನುವುದರ ಮೇಲೆ ತೀರ್ಮಾನ ಆಗುತ್ತೆ, ನಮಗೆ ಸಿಗುತ್ತಿತ್ತೋ ಇಲ್ಲವೋ ಹೇಳಲು ಆಗುವುದಿಲ್ಲ ಅಂತ ಎಷ್ಟೋ ಸಲ ವಿವರಿಸಿದ್ದೇನೆ. ಈಗ ಅದನ್ನೂ ಇಂಗ್ಲಿಷಿನಲ್ಲೇ ಜಗಳ ಆಡುತ್ತಾಳೆ.