ಗಲ್ಲಾದಲ್ಲಿ ಖೋಟಾ ನೋಟು ಸಿಕ್ಕರೆ ಏನು ಮಾಡಬೇಕು?

ರಾತ್ರಿ ಗಲ್ಲಾ ಎಣಿಸುವಾಗ ಒಂದು ಐನೂರರ ನೋಟು ಯಾಕೋ ಬೆರಳಿಗೆ ಬೇರೆ ಥರ ತಾಗುತ್ತದೆ. ಪಕ್ಕದವರು ಕೂಡಲೇ ಹೇಳುವ ಮಾತು: ‘ಬಿಡಿ ಅಣ್ಣ, ನಾಳೆ ಸಂತೇಲಿ ದಾಟಿಸಿಬಿಡೋಣ.’ ಅದೊಂದು ಕೆಲಸ ಮಾತ್ರ ಬೇಡ. ಇಲ್ಲಿಯವರೆಗೆ ಮೋಸ ಹೋದವರು ನೀವು. ಖೋಟಾ ಅಂತ ಗೊತ್ತಿದ್ದೂ ಇನ್ನೊಬ್ಬರ ಕೈಗಿಟ್ಟರೆ ಆರೋಪಿ ನೀವೇ.

ಮೊದಲು ನೋಟನ್ನು ಸರಿಯಾಗಿ ನೋಡಿ. ಅದರ ಭದ್ರತಾ ಎಳೆ ನೇರ ನೋಡಿದಾಗ ಹಸಿರು, ನೋಟನ್ನು ಓರೆ ಮಾಡಿದರೆ ನೀಲಿ. ಬಲಗಡೆ ಕೆಳಗಿರುವ ₹500 ಅಂಕಿಯೂ ಹಾಗೆಯೇ ಬಣ್ಣ ಬದಲಿಸುತ್ತದೆ. ಬೆಳಕಿಗೆ ಹಿಡಿದರೆ ಬಲಗಡೆಯ ಖಾಲಿ ಜಾಗದಲ್ಲಿ ಗಾಂಧೀಜಿ ಮುಖ ಮತ್ತು 500 ಕಾಣಬೇಕು. ನೋಟಿನ ಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ಹೋದಂತೆ ದೊಡ್ಡದಾಗುತ್ತವೆ. ಎಡ, ಬಲ ಎರಡೂ ಅಂಚಿನಲ್ಲಿ ಐದೈದು ಗೆರೆಗಳಿವೆ. ಕಣ್ಣು ಮುಚ್ಚಿ ಸವರಿದರೂ ಉಬ್ಬು ಗೊತ್ತಾಗಬೇಕು. ಬಣ್ಣ ಬದಲಾಗುವ ಇಂಥ ಶಾಯಿಗೆ ಮೈಸೂರಿನಲ್ಲೇ ‘ವರ್ಣಿಕಾ’ ಎಂಬ ಘಟಕವಿದೆ. ನೋಟು ಅಚ್ಚಾಗುವ ಮುದ್ರಣಾಲಯವೂ ಅದೇ ಊರಿನಲ್ಲಿದೆ.

ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ. ಪ್ಯಾಂಟಿನ ಜೇಬಲ್ಲಿದ್ದು ವಾಷಿಂಗ್ ಮೆಷಿನ್ ಹೊಕ್ಕು ಬಂದ ಅಸಲಿ ನೋಟೂ ಮಂಕಾಗಿರುತ್ತದೆ. ಸಂಖ್ಯೆಯ ನಡುವೆ ನಕ್ಷತ್ರ ಇದ್ದರೆ ಖೋಟಾ ಅನ್ನುವ ವಾಟ್ಸ್‌ಆ್ಯಪ್ ಸುದ್ದಿ ಶುದ್ಧ ಸುಳ್ಳು. ಅಚ್ಚಿನಲ್ಲಿ ಕೆಟ್ಟ ಹಾಳೆಯ ಬದಲಿಗೆ ಹಾಕಿದ ನೋಟು ಅದು, ಅಷ್ಟೇ. ಹತ್ತು ರೂಪಾಯಿ ನಾಣ್ಯದ್ದೂ ಇದೇ ಕಥೆ. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ‘ಇದು ನಡೆಯಲ್ಲ’ ಅಂತಾರೆ!

ಅನುಮಾನ ಗಟ್ಟಿಯಾದರೆ ನೋಟನ್ನು ಬೇರೆ ಕವರಿನಲ್ಲಿಡಿ. ಯಾವಾಗ, ಯಾರಿಂದ, ಯಾವ ಬಿಲ್ಲಿಗೆ ಬಂತು ಅಂತ ನೆನಪಿದ್ದಷ್ಟು ಬರೆದಿಡಿ. ಹರಿಯುವುದು, ಸುಡುವುದು ಬೇಡ.

ಮರುದಿನ ಬ್ಯಾಂಕಿಗೆ ಒಯ್ಯಿರಿ. ಕ್ಯಾಷಿಯರ್ ಪರೀಕ್ಷಿಸಿ, ಖೋಟಾ ಎಂದಾದರೆ ಅದರ ಮೇಲೆ ಮೊಹರು ಒತ್ತಿ ಜಪ್ತಿ ಮಾಡುತ್ತಾರೆ. ಹಣ ಖಾತೆಗೆ ಬರಲ್ಲ, ನೋಟೂ ವಾಪಸ್ ಸಿಗಲ್ಲ. ಐನೂರು ಹೋದಂತೆಯೇ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಒಂದು ಸ್ವೀಕೃತಿ ರಸೀದಿ ಕೊಡಲೇಬೇಕು, ಅದು ನಿಯಮ. ಕೇಳಿ ಪಡೆಯಿರಿ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಖೋಟಾ ನೋಟು ಸಿಕ್ಕರೆ ಬ್ಯಾಂಕ್ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟಾಗಿ ವರದಿ ಕಳಿಸುತ್ತದೆ. ಐದು ಅಥವಾ ಜಾಸ್ತಿ ಇದ್ದರೆ ಕೂಡಲೇ ಪೊಲೀಸ್ ದೂರು, ಎಫ್‌ಐಆರ್. ದಿನದ ವ್ಯಾಪಾರದ ಕಂತೆ ಕಟ್ಟುವವರು ಬ್ಯಾಂಕಿಗೆ ಹೋಗುವ ಮುಂಚೆಯೇ ನೋಡಿಕೊಳ್ಳುವುದು ಇದಕ್ಕೇ.

ಈಗ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 178ನೇ ಸೆಕ್ಷನ್ ಖೋಟಾ ನೋಟು, ನಾಣ್ಯ ತಯಾರಿಸುವವರಿಗೆ. 179 ಅದನ್ನು ಅಸಲಿ ಎಂದು ಚಲಾಯಿಸುವವರಿಗೆ. ಶಿಕ್ಷೆ ಎರಡಕ್ಕೂ ಒಂದೇ: ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸಂತೆಯಲ್ಲಿ ದಾಟಿಸಿದವನೂ ಅಚ್ಚು ಹಾಕಿದವನೂ ಒಂದೇ ಸಾಲಿನಲ್ಲಿ! ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡರೂ 180ರ ಪ್ರಕಾರ 7 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. ಈ ಮೂರನೆಯದರಲ್ಲಿ ಒಂದು ವಿನಾಯಿತಿ ಇದೆ: ನೋಟು ನ್ಯಾಯವಾದ ಮೂಲದಿಂದ ಬಂತು ಅಂತ ತೋರಿಸಿದರೆ ಅಪರಾಧವಾಗದು. ಹಿಂದಿನ ರಾತ್ರಿ ಬರೆದಿಟ್ಟ ಚೀಟಿಗೆ ಬೆಲೆ ಬರುವುದು ಆಗಲೇ.

ಪೊಲೀಸರು ಕೇಳಿದಾಗ ಗೊತ್ತಿದ್ದಷ್ಟೇ ಹೇಳಿ. ‘ಯಾರು ಕೊಟ್ಟರೋ ನೆನಪಿಲ್ಲ’ ಅನ್ನುವುದು ತಪ್ಪಲ್ಲ. ಸಿಟ್ಟಿಗೆ ಎದುರು ಅಂಗಡಿಯವನ ಹೆಸರು ಸುಮ್ನೆ ತಗುಲಿಸಿದರೆ 217ನೇ ಸೆಕ್ಷನ್ ಕಾಯುತ್ತಿರುತ್ತದೆ. ಸರ್ಕಾರಿ ನೌಕರನಿಗೆ ಬೇಕಂತಲೇ ಸುಳ್ಳು ಮಾಹಿತಿ ಕೊಟ್ಟು ಇನ್ನೊಬ್ಬರಿಗೆ ತೊಂದರೆ ಕೊಡಿಸಿದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಎಟಿಎಂನಿಂದಲೇ ಬಂತು ಅನ್ನಿಸಿದರೆ? ಹಣ ತೆಗೆದ ಚೀಟಿ ಸಮೇತ ಆ ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತ ದೂರು ಕೊಡಿ. ಎಟಿಎಂಗೆ ತುಂಬುವ ಮೊದಲು ನೋಟು ಪರೀಕ್ಷಿಸುವ ಹೊಣೆ ಬ್ಯಾಂಕಿನದ್ದೇ.